ಅಶ್ರುವಾಯು ಬಂದ ದಾರಿ



‘ಗುಂಪನ್ನು ಚದುರಿಸಲು ಪೊಲೀಸರು ಅಶ್ರುವಾಯು ಪ್ರಯೋಗಿಸಿದರು’ ಎಂಬ ವಾಕ್ಯವನ್ನು ನೀವು ವಾರ್ತೆಯಲ್ಲಿ ಎಷ್ಟೋ ಸಲ ಕೇಳಿರುತ್ತೀರಿ. ಪರದೆಯ ಮೇಲೆ ಆ ಹೊಗೆ ಬಿಳಿಯ ಮೋಡದಂತೆ ಚೆಂದವಾಗಿಯೇ ಕಾಣುತ್ತದೆ. ಕಣ್ಣಿನ ಉರಿಯನ್ನು ಹಿಡಿದು ತೋರಿಸುವ ಕ್ಯಾಮೆರಾ ನಮ್ಮ ಬಳಿ ಇಲ್ಲ. ಆ ಹೊಗೆ ಎಂಥದ್ದು, ಎಲ್ಲಿಂದ ಬಂತು, ಬೆಂಗಳೂರಿನ ಉತ್ತರ ಭಾಗದ ರಸ್ತೆಗಳಿಗೆ ಏಕೆ ಬಂತು ಎಂಬುದನ್ನು ಇಲ್ಲಿ ನಿಧಾನವಾಗಿ ನೋಡೋಣ.

ಮೊದಲಿಗೆ ಹೆಸರಿನ ವಿಚಾರ. ಅಶ್ರುವಾಯು ನಿಜಕ್ಕೂ ವಾಯುವಲ್ಲ. ಇಂದು ಹೆಚ್ಚು ಬಳಕೆಯಲ್ಲಿರುವ ‘ಸಿ.ಎಸ್.’ ಎಂಬ ರಾಸಾಯನಿಕ ಬಿಳಿಯ ಹರಳಿನಂಥ ಘನವಸ್ತು. 1928ರಲ್ಲಿ ಅಮೆರಿಕದ ಮಿಡ್ಲ್‌ಬರಿ ಕಾಲೇಜಿನಲ್ಲಿ ಕಾರ್ಸನ್ ಮತ್ತು ಸ್ಟೌಟನ್ ಎಂಬ ಇಬ್ಬರು ರಸಾಯನಶಾಸ್ತ್ರಜ್ಞರು ಇದನ್ನು ತಯಾರಿಸಿದರು. ಅವರ ಹೆಸರುಗಳ ಮೊದಲಕ್ಷರಗಳೇ ಇದಕ್ಕೆ ಹೆಸರಾದವು. ಶೆಲ್ಲಿನೊಳಗೆ ಈ ಪುಡಿಯನ್ನು ಉರಿಯುವ ಮಿಶ್ರಣದೊಡನೆ ತುಂಬಿರುತ್ತಾರೆ. ಬೆಂಕಿಯ ಕಾವಿಗೆ ಆವಿಯಾದ ಪುಡಿ ಹೊರಗಿನ ಗಾಳಿಯಲ್ಲಿ ತಣಿದು, ಅತಿ ಸೂಕ್ಷ್ಮ ಕಣಗಳಾಗಿ ತೇಲುತ್ತದೆ. ಕಣ್ಣು, ಮೂಗು, ಗಂಟಲಿನ ತೇವಕ್ಕೆ ಅಂಟಿಕೊಳ್ಳುತ್ತದೆ.

ಅಡುಗೆಮನೆಯಲ್ಲಿ ಒಗ್ಗರಣೆಯ ಒಣಮೆಣಸಿನಕಾಯಿ ಸೀದರೆ ಮನೆಮಂದಿಯೆಲ್ಲ ಕೆಮ್ಮುವುದಿಲ್ಲವೇ? ಇದೂ ಸುಮಾರಾಗಿ ಅದೇ ಜಾತಿಯ ಚೇಷ್ಟೆ. ನಮ್ಮ ನರತುದಿಗಳಲ್ಲಿ ‘ಟಿ.ಆರ್.ಪಿ.ಎ.-1’ ಎಂಬ ಗ್ರಾಹಕವಿದೆ. (ದೂರದರ್ಶನದವರ ಟಿ.ಆರ್.ಪಿ.ಗೂ ಇದಕ್ಕೂ ಸಂಬಂಧವಿಲ್ಲ!) ಸಾಸಿವೆಯ ಘಾಟನ್ನು ಗುರುತಿಸುವುದು ಇದೇ ಗ್ರಾಹಕ. ಸಿ.ಎಸ್. ಕಣ ಅದನ್ನು ಕೆರಳಿಸಿದೊಡನೆ ಮೆದುಳಿಗೆ ಉರಿಯ ಸುದ್ದಿ ಹೋಗುತ್ತದೆ, ಕಣ್ಣೀರು ಹರಿಯುತ್ತದೆ, ರೆಪ್ಪೆಗಳು ತಾವಾಗಿಯೇ ಮುಚ್ಚಿಕೊಳ್ಳುತ್ತವೆ. ಬಯಲಿನಲ್ಲಿ, ಗಾಳಿಯಿದ್ದರೆ, ಆರೋಗ್ಯವಂತರಿಗೆ ಸಾಮಾನ್ಯವಾಗಿ ಸ್ವಲ್ಪ ಹೊತ್ತಿನಲ್ಲೇ ಉಪಶಮನವಾಗುತ್ತದೆ. ಮುಚ್ಚಿದ ಕೋಣೆಯಲ್ಲಿ, ಉಬ್ಬಸವಿರುವವರಿಗೆ, ಎಳೆಮಕ್ಕಳಿಗೆ ಅದೇ ಹೊಗೆ ಅಪಾಯಕಾರಿ. ಶೆಲ್ಲು ನೇರವಾಗಿ ತಲೆಗೆ ಬಡಿದರೆ ಪ್ರಾಣವೇ ಹೋಗಬಹುದು. ಎಂದಾದರೂ ನೀವು ಹೊಗೆಗೆ ಸಿಕ್ಕಿದರೆ ಕಣ್ಣು ಉಜ್ಜಬೇಡಿ. ಗಾಳಿ ಬರುವ ದಿಕ್ಕಿನತ್ತ, ತೆರೆದ ಜಾಗಕ್ಕೆ ಸರಿದು, ಧಾರಾಳವಾಗಿ ನೀರಿನಿಂದ ತೊಳೆಯಿರಿ.

ಈ ಹೊಗೆಯ ಹುಟ್ಟೂರು ಪೊಲೀಸ್ ಠಾಣೆಯಲ್ಲ, ರಣರಂಗ. ಮೊದಲನೆಯ ಮಹಾಯುದ್ಧ ಆರಂಭವಾದ 1914ರಲ್ಲೇ ಫ್ರೆಂಚ್ ಸೈನಿಕರು ಕಣ್ಣೀರು ಬರಿಸುವ ರಾಸಾಯನಿಕವನ್ನು ಬಳಸಿದರು. ಮರುವರ್ಷ ಏಪ್ರಿಲ್‌ನಲ್ಲಿ ಜರ್ಮನರು ಈಪ್ರ್ ಎಂಬಲ್ಲಿ ಕ್ಲೋರಿನ್ ಹರಿಯಬಿಟ್ಟರು. ಆ ಭೀಕರತೆಯನ್ನು ಕಂಡ ರಾಷ್ಟ್ರಗಳು 1925ರಲ್ಲಿ ಜಿನೀವಾದಲ್ಲಿ ಸೇರಿ, ಯುದ್ಧದಲ್ಲಿ ವಿಷಾನಿಲ ಬಳಸುವುದಿಲ್ಲವೆಂದು ಒಪ್ಪಂದ ಮಾಡಿಕೊಂಡವು. ಆದರೆ ಅಶ್ರುವಾಯು ಅಷ್ಟರಲ್ಲಿ ಸಮವಸ್ತ್ರ ಬದಲಿಸಿತ್ತು. 1932ರಲ್ಲಿ ವಾಷಿಂಗ್ಟನ್ನಿನಲ್ಲಿ ಬೋನಸ್ ಕೇಳಲು ಬಂದ ಮಾಜಿ ಸೈನಿಕರ ಮೇಲೆಯೇ ಅದನ್ನು ಸಿಡಿಸಲಾಯಿತು. ಅದೇ ದಶಕದಲ್ಲಿ ಬ್ರಿಟಿಷರು ಪಂಜಾಬಿನ ಪೊಲೀಸರ ಕೈಗೆ ಅದನ್ನು ಕೊಟ್ಟರು. ಜಲಿಯನ್‌ವಾಲಾ ಬಾಗ್‌ನ ಕಳಂಕ ಹೊತ್ತಿದ್ದ ಸರ್ಕಾರಕ್ಕೆ ಗುಂಡಿಗಿಂತ ಹೊಗೆ ಸೌಮ್ಯವಾಗಿ ತೋರಿದ್ದರಲ್ಲಿ ಆಶ್ಚರ್ಯವಿಲ್ಲ. 1993ರ ರಾಸಾಯನಿಕ ಅಸ್ತ್ರಗಳ ಒಪ್ಪಂದದಲ್ಲಂತೂ ಈ ಇಬ್ಬಗೆ ಸ್ಪಷ್ಟವಾಗಿಯೇ ಬರೆದಿದೆ: ಶತ್ರು ಸೈನ್ಯದ ಮೇಲೆ ಅಶ್ರುವಾಯು ಬಳಸುವಂತಿಲ್ಲ, ಸ್ವಂತ ಊರಿನಲ್ಲಿ ಶಾಂತಿ ಕಾಯಲು ಬಳಸಬಹುದು!

ಸೌಮ್ಯ ಎಂಬ ಮಾತನ್ನು ಅಲ್ಲಗಳೆಯುವಂತೆಯೂ ಇಲ್ಲ. ಯಲಹಂಕ ದಾಟಿ ಉತ್ತರಕ್ಕೆ ಹೋದರೆ ಗೌರಿಬಿದನೂರಿನ ಬಳಿ ವಿದುರಾಶ್ವತ್ಥ ಸಿಗುತ್ತದೆ. 1938ರ ಏಪ್ರಿಲ್ 25ರಂದು ಅಲ್ಲಿ ಧ್ವಜ ಸತ್ಯಾಗ್ರಹಕ್ಕೆ ಸೇರಿದ್ದ ಜನರ ಮೇಲೆ ಮೈಸೂರು ಸಂಸ್ಥಾನದ ಪೊಲೀಸರು ಗುಂಡು ಹಾರಿಸಿದರು. ಸತ್ತವರ ಸಂಖ್ಯೆಯಲ್ಲಿ ಸರ್ಕಾರದ ಲೆಕ್ಕಕ್ಕೂ ಜನರ ಲೆಕ್ಕಕ್ಕೂ ತಾಳೆಯಾಗಲಿಲ್ಲ. ಜನರ ಲೆಕ್ಕ 30ನ್ನು ದಾಟುತ್ತದೆ. ಅಲ್ಲಿ ಗುಂಡಿನ ಬದಲು ಹೊಗೆ ಬಂದಿದ್ದರೆ ಎಷ್ಟೋ ಮನೆಗಳ ದೀಪ ಆರುತ್ತಿರಲಿಲ್ಲ. ಆದರೆ ಹೊಗೆ ಯಾವಾಗಲೂ ಗುಂಡಿನ ಬದಲಿಗೇ ಬರುತ್ತದೆಯೇ? ಮಾತಿನ ಬದಲಿಗೂ ಬರುವುದುಂಟು.

2016ರ ಏಪ್ರಿಲ್ ತಿಂಗಳನ್ನು ನೋಡಿ. ಭವಿಷ್ಯನಿಧಿಯಲ್ಲಿ ಮಾಲೀಕರು ಕಟ್ಟಿದ ಪಾಲನ್ನು 58 ವರ್ಷ ತುಂಬುವವರೆಗೆ ತೆಗೆಯುವಂತಿಲ್ಲ ಎಂಬ ನಿಯಮವನ್ನು ಕೇಂದ್ರ ಸರ್ಕಾರ ಆ ಫೆಬ್ರವರಿಯಲ್ಲಿ ಹೊರಡಿಸಿತ್ತು. ಮಗಳ ಮದುವೆಗೆ, ಮನೆಯ ಸಾಲಕ್ಕೆ ಅದೇ ಹಣವನ್ನು ನೆಚ್ಚಿದ್ದ ಗಾರ್ಮೆಂಟ್ಸ್ ಕೆಲಸಗಾರರು, ಬಹುಪಾಲು ಹೆಣ್ಣುಮಕ್ಕಳು, 18 ಮತ್ತು 19ರಂದು ಬೀದಿಗಿಳಿದರು. ಹೊಸೂರು ರಸ್ತೆಯಲ್ಲಿ ಆರಂಭವಾದದ್ದು ಮರುದಿನ ಯಶವಂತಪುರದಾಚೆಯ ಪೀಣ್ಯ, ಜಾಲಹಳ್ಳಿ ಕ್ರಾಸ್‌ವರೆಗೂ ಹಬ್ಬಿತು. ನಗರದಲ್ಲಿ ಕಲ್ಲುಗಳು ಬಿದ್ದವು, ಬಸ್ಸುಗಳು ಉರಿದವು, ಲಾಠಿ ಬೀಸಿದರು, ಅಶ್ರುವಾಯು ಸಿಡಿಯಿತು. 19ರಂದೇ ಸರ್ಕಾರ ಆ ನಿಯಮವನ್ನು ಹಿಂತೆಗೆದುಕೊಂಡಿತು. ಒಂದು ದಿನದಲ್ಲಿ ಹಿಂತೆಗೆಯಬಹುದಾದ ನಿಯಮವನ್ನು ಹೊರಡಿಸುವ ಮುನ್ನ ಆ ಹೆಣ್ಣುಮಕ್ಕಳನ್ನು ಒಂದು ಮಾತು ಕೇಳಬಹುದಿತ್ತು.

ಇನ್ನೊಂದು ಜೋಡಿ ಘಟನೆ ನನಗೆ ಇದಕ್ಕಿಂತಲೂ ಮುಖ್ಯವೆನಿಸುತ್ತದೆ. ಎರಡಕ್ಕೂ ಸ್ಥಳ ಒಂದೇ: ಯಶವಂತಪುರದ ಪಕ್ಕದ ನಂದಿನಿ ಬಡಾವಣೆಗೆ ಹೊಂದಿಕೊಂಡ ಕಂಠೀರವ ಸ್ಟುಡಿಯೊ. 2006ರ ಏಪ್ರಿಲ್ 12ರ ಮಧ್ಯಾಹ್ನ ಡಾ. ರಾಜಕುಮಾರ್ ತೀರಿಕೊಂಡರು. ಸುದ್ದಿ ಹಬ್ಬಿದ ಕೆಲವೇ ಗಂಟೆಗಳಲ್ಲಿ ನಗರವೇ ಬೀದಿಗೆ ಬಂತು. ಮರುದಿನವೇ, ಹಾಡಹಗಲಿನಲ್ಲೇ, ಪಾರ್ಥಿವ ಶರೀರವನ್ನು ಕಂಠೀರವ ಕ್ರೀಡಾಂಗಣದಿಂದ ಸ್ಟುಡಿಯೊಗೆ ಮೆರವಣಿಗೆಯಲ್ಲಿ ಒಯ್ದರು. ಕಡೆಯ ಸಲ ಮುಖ ನೋಡಬೇಕೆಂದು ಬಂದವರಿಗೆ ನೋಡುವ ದಾರಿಯಿರಲಿಲ್ಲ, ಹಿಂದಿನಿಂದ ನೂಕುವವರು ನೂಕುತ್ತಲೇ ಇದ್ದರು. ಕಲ್ಲು, ಲಾಠಿ, ಅಶ್ರುವಾಯು, ಆಮೇಲೆ ಗುಂಡು. ಆ ಎರಡು ದಿನಗಳಲ್ಲಿ 8 ಮಂದಿ ಪ್ರಾಣ ಕಳೆದುಕೊಂಡರು. ಅವರಲ್ಲಿ ಒಬ್ಬರು ಗುಂಪಿನ ಕೈಗೆ ಸಿಕ್ಕಿದ ಪೊಲೀಸ್ ಪೇದೆ. ಹಿಂದೆಯೂ ಜನ, ಮುಂದೆಯೂ ಜನ ಇರುವಲ್ಲಿ ಹೊಗೆ ಬಿದ್ದರೆ, ‘ಚದುರಿ’ ಎಂದರೆ ಚದುರುವುದು ಎಲ್ಲಿಗೆ?

2021ರ ಅಕ್ಟೋಬರ್ 29ರಂದು ಅವರ ಮಗ ಪುನೀತ್ ರಾಜಕುಮಾರ್ ಹಠಾತ್ತನೆ ತೀರಿಕೊಂಡಾಗ ದುಃಖವೇನು ಕಡಿಮೆಯಿರಲಿಲ್ಲ; ವಯಸ್ಸು ಇನ್ನೂ 46. ಈ ಸಲ ಸರ್ಕಾರ ಮೊದಲ ಸಂಜೆಯೇ ನಗರದಲ್ಲಿ ಮದ್ಯ ಮಾರಾಟ ನಿಲ್ಲಿಸಿತು. ಶರೀರವನ್ನು 31ರ ನಸುಕಿನವರೆಗೆ ಕ್ರೀಡಾಂಗಣದಲ್ಲಿ ಇರಿಸಿ, ಹಗಲೂ ರಾತ್ರಿ ಸಾಲಿನಲ್ಲಿ ದರ್ಶನಕ್ಕೆ ಬಿಟ್ಟರು. ಲಕ್ಷಾಂತರ ಜನ ನೋಡಿ ಹೋದರು. ನೋಡಿದವರು ಮನೆಗೆ ಹೋಗುತ್ತಾರೆ, ನೋಡದವರು ನೂಕುತ್ತಾರೆ: ಇಷ್ಟು ಸರಳ ಲೆಕ್ಕ. 31ರಂದು ಇನ್ನೂ ಬೆಳಕು ಹರಿಯುವ ಮುನ್ನ ಶರೀರವನ್ನು ಅದೇ ಸ್ಟುಡಿಯೊಗೆ ತಂದು, ನಗರದ ರಸ್ತೆಗಳು ತುಂಬುವಷ್ಟರಲ್ಲಿ ತಂದೆ ತಾಯಿಯರ ಸಮಾಧಿಯ ಬಳಿಯೇ ಮಣ್ಣು ಮಾಡಿದರು. ಮನೆಗಳಲ್ಲಿ ಕುಳಿತವರು ಅದನ್ನು ದೂರದರ್ಶನದಲ್ಲಿ ನೇರವಾಗಿ ನೋಡಿದರು.