ಕಿನ್ನಾಳ ಗೊಂಬೆ ತಯಾರಿಕೆ ಮತ್ತು ಕುಶಲಕರ್ಮಿಗಳ ನೋಂದಣಿ

ಪೀಠಿಕೆ

ಕೊಪ್ಪಳ ತಾಲ್ಲೂಕಿನ ಕಿನ್ನಾಳ ಗ್ರಾಮವು ಬಣ್ಣದ ಗೊಂಬೆಗಳ ತಯಾರಿಕೆಗೆ ಹೆಸರುವಾಸಿಯಾಗಿದೆ. ಈ ಕಸುಬನ್ನು ಚಿತ್ರಗಾರ ಮನೆತನಗಳು ವಂಶಪಾರಂಪರ್ಯವಾಗಿ ನಡೆಸಿಕೊಂಡು ಬಂದಿವೆ. ಇವರ ಪೂರ್ವಿಕರು ವಿಜಯನಗರದ ಕಾಲದಲ್ಲಿ ಹಂಪೆಯ ದೇವಾಲಯಗಳಲ್ಲಿ ಕೆಲಸ ಮಾಡಿದವರೆಂಬ ಪ್ರತೀತಿ ಇದೆ. ದೇವತಾ ಮೂರ್ತಿಗಳು, ಗರುಡ, ಪ್ರಾಣಿ-ಪಕ್ಷಿಗಳು ಹಾಗೂ ವಿವಿಧ ವೃತ್ತಿಯವರನ್ನು ತೋರಿಸುವ ಗೊಂಬೆಗಳು ಇಲ್ಲಿನ ಮುಖ್ಯ ಉತ್ಪನ್ನಗಳಾಗಿವೆ.

ಈ ಪುಟದಲ್ಲಿ ಗೊಂಬೆ ತಯಾರಿಕೆಯ ವಿಧಾನವನ್ನೂ, ಕುಶಲಕರ್ಮಿಗಳು ಮಾಡಿಸಿಕೊಳ್ಳಬೇಕಾದ ಮೂರು ನೋಂದಣಿಗಳನ್ನೂ ವಿವರಿಸಲಾಗಿದೆ. ಇವು ಬೇರೆ ಬೇರೆ ನೋಂದಣಿಗಳಾಗಿದ್ದು, ಒಂದನ್ನು ಪಡೆದ ಮಾತ್ರಕ್ಕೆ ಮತ್ತೊಂದರ ಸೌಲಭ್ಯ ದೊರೆಯುವುದಿಲ್ಲ.

ತಯಾರಿಕೆಯ ವಿಧಾನ

ಹಗುರವಾದ ಮರವನ್ನು ಕೆತ್ತಿ ಗೊಂಬೆಯ ಅವಯವಗಳನ್ನು ಬಿಡಿಬಿಡಿಯಾಗಿ ಸಿದ್ಧಪಡಿಸಿ, ನಂತರ ಜೋಡಿಸಲಾಗುತ್ತದೆ. ಸೆಣಬಿನ ಚಿಂದಿಯನ್ನು ನೆನೆಸಿ, ಸಣ್ಣದಾಗಿ ಕತ್ತರಿಸಿ, ಒಣಗಿಸಿ ಪುಡಿ ಮಾಡಿ, ಅದಕ್ಕೆ ಮರದ ಹೊಟ್ಟು ಮತ್ತು ಹುಣಸೆ ಬೀಜದ ಅಂಟನ್ನು ಬೆರೆಸಿದರೆ 'ಕಿಟ್ಟ' ಸಿದ್ಧವಾಗುತ್ತದೆ. ಜೋಡಿಸಿದ ಗೊಂಬೆಯ ಮೈಗೆಲ್ಲ ಕಿಟ್ಟವನ್ನು ಕೈಯಿಂದ ಬಳಿದು, ಅದರ ಮೇಲೆ ಹತ್ತಿ ಬಟ್ಟೆಯ ಚೂರುಗಳನ್ನು ಅದೇ ಅಂಟಿನಿಂದ ಅಂಟಿಸಲಾಗುತ್ತದೆ. ಬಟ್ಟೆಯ ಮೇಲೆ ನುಣುಪಾದ ಕಲ್ಲಿನ ಪುಡಿಯ ಲೇಪವನ್ನು ಕೊಟ್ಟು, ಅದು ಒಣಗಿದ ಮೇಲೆ ಬಣ್ಣ ಹಚ್ಚಲಾಗುತ್ತದೆ. ಒಡವೆ ಮತ್ತು ಕಿರೀಟದ ಉಬ್ಬುಗೆಲಸಕ್ಕೂ ಇದೇ ಬಗೆಯ ಕಲ್ಲುಪುಡಿ-ಅಂಟಿನ ಮಿಶ್ರಣವನ್ನು ಬಳಸುವರು. ಹಬ್ಬದ ದಿನಗಳಲ್ಲಿ ಮಣ್ಣಿನ ಮೂರ್ತಿಗಳನ್ನು ಹಾಗೂ ಸಗಣಿ ಮತ್ತು ಮರದ ಹೊಟ್ಟಿನಿಂದ ಮಾಡಿದ ಗೊಂಬೆಗಳನ್ನೂ ತಯಾರಿಸುವುದುಂಟು.

ಪ್ರತಿ ಲೇಪವೂ ಒಣಗಿದ ನಂತರವೇ ಮುಂದಿನ ಲೇಪವನ್ನು ಕೊಡಬೇಕಾಗುವುದರಿಂದ ಈ ಕೆಲಸದಲ್ಲಿ ಅವಸರ ಸಲ್ಲದು. ಕೈಯಿಂದಲೇ ರೂಪುಗೊಳ್ಳುವುದರಿಂದ ಒಂದು ಗೊಂಬೆಯಂತೆ ಮತ್ತೊಂದು ಇರುವುದಿಲ್ಲ.

1. ಕುಶಲಕರ್ಮಿ ಗುರುತಿನ ಚೀಟಿ (ಪೆಹಚಾನ್)

ಈ ಚೀಟಿಯನ್ನು ಕೇಂದ್ರ ಜವಳಿ ಸಚಿವಾಲಯದ ಅಭಿವೃದ್ಧಿ ಆಯುಕ್ತರ (ಕರಕುಶಲ) ಕಛೇರಿಯು ನೀಡುತ್ತದೆ.

ಆಟಿಕೆಗಳ (ಗುಣಮಟ್ಟ ನಿಯಂತ್ರಣ) ಆದೇಶ, 2020 ದಿನಾಂಕ 1-1-2021ರಿಂದ ಜಾರಿಯಲ್ಲಿದೆ. ಇದರನ್ವಯ 14 ವರ್ಷದೊಳಗಿನ ಮಕ್ಕಳ ಆಟಕ್ಕೆಂದು ತಯಾರಿಸಿದ ಆಟಿಕೆಗಳ ಮೇಲೆ ಐ.ಎಸ್.ಐ. ಗುರುತು ಕಡ್ಡಾಯವಾಗಿದೆ. ಈ ಗುರುತನ್ನು ಪಡೆಯಲು ಅಗತ್ಯವಾದ ಪರೀಕ್ಷೆಗಳು ಮತ್ತು ಪರವಾನಗಿಯ ಭಾರವನ್ನು ಮನೆಯ ಪಡಸಾಲೆಯಲ್ಲಿ ಗೊಂಬೆ ಮಾಡುವ ಕುಟುಂಬವು ಹೊರುವುದು ಕಷ್ಟ. ಇಂಥವರಿಗಾಗಿ 2020ರ ಡಿಸೆಂಬರ್‌ನಲ್ಲಿ ಸದರಿ ಆದೇಶಕ್ಕೆ ತಿದ್ದುಪಡಿ ತಂದು, ಅಭಿವೃದ್ಧಿ ಆಯುಕ್ತರ ಕಛೇರಿಯಲ್ಲಿ ನೋಂದಾಯಿತರಾದ ಕುಶಲಕರ್ಮಿಗಳು ತಯಾರಿಸಿ ಮಾರುವ ಆಟಿಕೆಗಳಿಗೆ ವಿನಾಯಿತಿ ನೀಡಲಾಗಿದೆ. ಭೌಗೋಳಿಕ ಸೂಚನೆಯ ನೋಂದಾಯಿತ ಮಾಲೀಕರು ಮತ್ತು ಅಧಿಕೃತ ಬಳಕೆದಾರರು ತಯಾರಿಸಿ ಮಾರುವ ಆ ಉತ್ಪನ್ನಗಳಿಗೂ ಇದೇ ವಿನಾಯಿತಿ ಇದೆ.

ವಿನಾಯಿತಿಯು ಗೊಂಬೆಯನ್ನು ಕೈಯಿಂದ ಮಾಡಲಾಗಿದೆ ಎಂಬ ಕಾರಣಕ್ಕೆ ದೊರೆಯುವುದಿಲ್ಲ. ಮಾಡಿದವರು ನೋಂದಾಯಿತರು ಎಂಬ ಕಾರಣಕ್ಕೆ ದೊರೆಯುತ್ತದೆ. ಎಷ್ಟೇ ತಲೆಮಾರುಗಳ ಕಸುಬಾಗಿದ್ದರೂ ದಾಖಲೆಯಲ್ಲಿ ಹೆಸರಿಲ್ಲದವರು ಇದನ್ನು ಕೇಳುವಂತಿಲ್ಲ. ಚೀಟಿಯನ್ನು ವ್ಯಕ್ತಿಯ ಹೆಸರಿನಲ್ಲಿ ನೀಡಲಾಗುವುದರಿಂದ, ಬಟ್ಟೆ ಅಂಟಿಸುವ ಮತ್ತು ಬಣ್ಣ ಹಚ್ಚುವ ಮಹಿಳೆಯರೂ ಸೇರಿದಂತೆ ಕಸುಬಿನಲ್ಲಿ ತೊಡಗಿರುವ ಕುಟುಂಬದ ಸದಸ್ಯರು ತಮ್ಮ ಹೆಸರಿನಲ್ಲಿಯೇ ಅರ್ಜಿ ಸಲ್ಲಿಸುವುದು ಸೂಕ್ತ. ಇತರ ಊರುಗಳಲ್ಲಿ ಬಟ್ಟೆ ಅಥವಾ ಮಣ್ಣಿನ ಗೊಂಬೆಗಳನ್ನು ಕೈಯಿಂದ ತಯಾರಿಸುವ ಕುಶಲಕರ್ಮಿಗಳೂ ಅರ್ಜಿ ಸಲ್ಲಿಸಬಹುದು.

2. ಭೌಗೋಳಿಕ ಸೂಚನೆಯ ಅಧಿಕೃತ ಬಳಕೆದಾರರ ನೋಂದಣಿ

ಕಿನ್ನಾಳ ಗೊಂಬೆಗಳು ಸರಕುಗಳ ಭೌಗೋಳಿಕ ಸೂಚನೆಗಳ (ನೋಂದಣಿ ಮತ್ತು ಸಂರಕ್ಷಣೆ) ಅಧಿನಿಯಮ, 1999ರ ಅಡಿಯಲ್ಲಿ ನೋಂದಣಿಯಾಗಿವೆ. ಗೊಂಬೆ ತಯಾರಕರು ಚೆನ್ನೈನಲ್ಲಿರುವ ಭೌಗೋಳಿಕ ಸೂಚನೆಗಳ ನೋಂದಣಿ ಕಛೇರಿಗೆ ಅರ್ಜಿ ಸಲ್ಲಿಸಿ ಅಧಿಕೃತ ಬಳಕೆದಾರರಾಗಬಹುದು. ಈ ಹಕ್ಕನ್ನು ಮಾರುವಂತಿಲ್ಲ, ಅಡವಿಡುವಂತಿಲ್ಲ. ಬಳಕೆದಾರರು ಮೃತರಾದಲ್ಲಿ ವಾರಸುದಾರರಿಗೆ ಸಲ್ಲುತ್ತದೆ. ಬೇರೆಡೆ ತಯಾರಾದ ಗೊಂಬೆಗಳಿಗೆ ಸುಳ್ಳಾಗಿ ಈ ಹೆಸರನ್ನು ಬಳಸುವುದು ಅಪರಾಧವಾಗಿದ್ದು, 6 ತಿಂಗಳಿಂದ 3 ವರ್ಷಗಳವರೆಗೆ ಕಾರಾವಾಸ ಹಾಗೂ ರೂ. 50,000ದಿಂದ ರೂ. 2 ಲಕ್ಷದವರೆಗೆ ದಂಡ ವಿಧಿಸಲು ಅವಕಾಶವಿದೆ.

3. ಪ್ರಧಾನಮಂತ್ರಿ ವಿಶ್ವಕರ್ಮ ಯೋಜನೆ

ದಿನಾಂಕ 17-9-2023ರಂದು ಆರಂಭವಾದ ಈ ಯೋಜನೆಯ 18 ಕಸುಬುಗಳಲ್ಲಿ ಸಾಂಪ್ರದಾಯಿಕ ಗೊಂಬೆ ಮತ್ತು ಆಟಿಕೆ ತಯಾರಿಕೆಯೂ ಸೇರಿದೆ.

ಅರ್ಹತೆ:
(ಅ) 18 ವರ್ಷ ತುಂಬಿರಬೇಕು. ನೋಂದಣಿಯ ವೇಳೆ ಕಸುಬಿನಲ್ಲಿ ತೊಡಗಿರಬೇಕು.
(ಆ) ಪತಿ, ಪತ್ನಿ ಮತ್ತು ಅವಿವಾಹಿತ ಮಕ್ಕಳನ್ನು ಒಳಗೊಂಡ ಕುಟುಂಬದ ಒಬ್ಬರಿಗೆ ಮಾತ್ರ ಅವಕಾಶವಿದೆ.
(ಇ) ಸರ್ಕಾರಿ ನೌಕರರು ಮತ್ತು ಅವರ ಕುಟುಂಬದವರು ಅರ್ಹರಲ್ಲ.

ಸೌಲಭ್ಯಗಳು:
(ಅ) ಪ್ರಮಾಣಪತ್ರ ಮತ್ತು ಗುರುತಿನ ಚೀಟಿ.
(ಆ) 5ರಿಂದ 7 ದಿನಗಳ ಮೂಲ ತರಬೇತಿ. ತರಬೇತಿಯಲ್ಲಿ ದಿನಕ್ಕೆ ರೂ. 500 ಭತ್ಯೆ.
(ಇ) ಉಪಕರಣಗಳಿಗಾಗಿ ರೂ. 15,000ದವರೆಗೆ ಪ್ರೋತ್ಸಾಹಧನ.
(ಈ) ಶೇ. 5ರ ಬಡ್ಡಿ ದರದಲ್ಲಿ ಮೊದಲ ಕಂತಿನಲ್ಲಿ ರೂ. 1 ಲಕ್ಷ ಹಾಗೂ ಎರಡನೆಯ ಕಂತಿನಲ್ಲಿ ರೂ. 2 ಲಕ್ಷದವರೆಗೆ, ಆಸ್ತಿ ಅಡಮಾನವಿಲ್ಲದ ಸಾಲ.

ಅರ್ಜಿಯನ್ನು ಸಾಮಾನ್ಯ ಸೇವಾ ಕೇಂದ್ರದಲ್ಲಿ ಆಧಾರ್ ದೃಢೀಕರಣದೊಂದಿಗೆ ಸಲ್ಲಿಸತಕ್ಕದ್ದು. ನೋಂದಣಿಗೆ ಶುಲ್ಕವಿಲ್ಲ. ಅರ್ಜಿಯನ್ನು ಗ್ರಾಮ ಪಂಚಾಯಿತಿ ಅಥವಾ ನಗರ ಸ್ಥಳೀಯ ಸಂಸ್ಥೆ, ಜಿಲ್ಲಾ ಅನುಷ್ಠಾನ ಸಮಿತಿ ಹಾಗೂ ಪರಿಶೀಲನಾ ಸಮಿತಿಗಳು ಮೂರು ಹಂತಗಳಲ್ಲಿ ಪರಿಶೀಲಿಸುತ್ತವೆ.

ಅರ್ಜಿದಾರರ ಗಮನಕ್ಕೆ

ವಿಶ್ವಕರ್ಮ ಯೋಜನೆಯ ಗುರುತಿನ ಚೀಟಿ ಇದ್ದವರೂ ಮಕ್ಕಳ ಆಟಿಕೆಗಳನ್ನು ಮಾರುವವರಾಗಿದ್ದಲ್ಲಿ ಪೆಹಚಾನ್ ಚೀಟಿಯನ್ನು ಪ್ರತ್ಯೇಕವಾಗಿ ಪಡೆಯತಕ್ಕದ್ದು. ಎಲ್ಲ ಅರ್ಜಿಗಳಲ್ಲಿ ಹೆಸರು ಆಧಾರ್‌ನಲ್ಲಿರುವಂತೆಯೇ ಇರಬೇಕು. ಮೇಳ ಮತ್ತು ಸಂತೆಗಳಿಗೆ ಹೋಗುವಾಗ ಚೀಟಿಯನ್ನು ಜೊತೆಯಲ್ಲಿ ಇಟ್ಟುಕೊಳ್ಳುವುದು ಒಳಿತು.