ತೆಂಗಿನ ಸೀಮೆಯಲ್ಲಿ ಅಭ್ಯಂಗದ ಎಣ್ಣೆ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಬಯಲಿನಲ್ಲಿ ಮಾಗಿಯ ಒಣಗಾಳಿ ಬೀಸತೊಡಗಿತೆಂದರೆ ಮುಖದ ಚರ್ಮವು ಬಿಗಿದು, ತುಟಿ ಒಡೆದು, ಕೆನ್ನೆಯ ಮೇಲೆ ಬೂದಿ ಬಳಿದಂತೆ ಬಿಳುಪೇರುವುದು ಸರ್ವವಿದಿತವಷ್ಟೆ. ಅದಕ್ಕೆ ಮನೆಯ ಎಣ್ಣೆಯನ್ನು ಸವರಿಕೊಳ್ಳುವುದೂ ಹಳೆಯ ವಾಡಿಕೆಯೇ. ತೆಂಗಿನ ತೋಟಗಳ ನಡುವೆ ಬಾಳುವ ಜನರು ಅನಾದಿಯಿಂದಲೂ ಕೊಬ್ಬರಿಯೆಣ್ಣೆಯನ್ನೇ ಬಳಸುತ್ತಿದ್ದಿರಬೇಕೆಂದು ಹಲವರ ನಂಬಿಕೆ. ವಿಚಾರಿಸಿ ನೋಡಿದರೆ ಈ ನಂಬಿಕೆ ದೃಢವಾಗಿ ನಿಲ್ಲುವುದಿಲ್ಲ.

ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಸಸ್ಯಜನ್ಯವಾದ ಎಣ್ಣೆಗಳಿಗೆ ೧೮ ಮೂಲಗಳನ್ನು ಹೇಳಿದೆ. ಎಳ್ಳು, ಹರಳು, ಹಿಪ್ಪೆ, ಸಾಸುವೆ, ಕುಸುಬೆ, ಹೊಂಗೆ ಮೊದಲಾದುವು ಅಲ್ಲಿ ಉಂಟು, ತೆಂಗಿನ ಹೆಸರಿಲ್ಲ. ಅಗ್ರಸ್ಥಾನವು ಎಳ್ಳೆಣ್ಣೆಯದು. ಎಣ್ಣೆಯುಂಡ ಮಡಕೆ, ಎಣ್ಣೆಯಿಂದ ತಿಕ್ಕಿದ ತೊಗಲು, ಎಣ್ಣೆ ಹಾಕಿದ ಬಂಡಿಯ ಅಚ್ಚು ಇವು ಹೇಗೆ ಗಟ್ಟಿಯಾಗುವುವೋ ಹಾಗೆಯೇ ಅಭ್ಯಂಗದಿಂದ ಶರೀರವೂ ಆಗುವುದೆಂಬ ಉಪಮಾನವು ಆ ಗ್ರಂಥದ್ದೇ. ಕುಂಬಾರ, ಚಮ್ಮಾರ, ಬಂಡಿಕಾರರ ಅನುಭವವನ್ನು ವೈದ್ಯನು ಹೀಗೆ ಕೈಗೆತ್ತಿಕೊಂಡಿರುವುದು ಸೊಗಸಾಗಿದೆ.

ಮುಖದ ವಿಷಯದಲ್ಲಿ ಇನ್ನೂ ಸೂಕ್ಷ್ಮವಾದ ಮಾತು ವಾಗ್ಭಟನ ಅಷ್ಟಾಂಗಹೃದಯದಲ್ಲಿದೆ. ಆರು ಋತುಗಳಿಗೆ ಆರು ಮುಖಲೇಪಗಳನ್ನು ಅವನು ವಿಧಿಸಿದ್ದಾನೆ. ಶಿಶಿರದ ಲೇಪದಲ್ಲಿ ಕರಿಯೆಳ್ಳೂ ಹೊಟ್ಟು ತೆಗೆದ ಜವೆಯೂ ಸೇರಿವೆ. ಲೇಪವನ್ನು ಮುಖದ ಮೇಲೆ ಒಣಗಗೊಡಬಾರದು, ಒಣಗಿದರೆ ಕಾಂತಿ ಕೆಡುತ್ತದೆ. ನೀರಿನಿಂದ ನೆನೆಸಿ ತೆಗೆದು, ಆಮೇಲೆ ಎಣ್ಣೆ ಸವರಬೇಕು ಎಂಬುದು ಅವನ ವಿಧಿ. ಈಗ ಕಡಲೆಹಿಟ್ಟನ್ನು ಮುಖಕ್ಕೆ ಬಳಿದು, ಬಿರುಕು ಬಿಡುವವರೆಗೆ ಒಣಗಿಸಿ ಕುಳಿತುಕೊಳ್ಳುವವರು ಇದನ್ನು ಗಮನಿಸಬೇಕು.

ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸದಲ್ಲಿ, ಅಂದರೆ ೧೨ನೆಯ ಶತಮಾನದಲ್ಲಿ, ಸುಗಂಧತೈಲದ ಅಭ್ಯಂಗವು ರಾಜಭೋಗಗಳಲ್ಲಿ ಒಂದಾಗಿದೆ. ಅದು ಅರಮನೆಯ ಮಾತು. ಬಯಲುಸೀಮೆಯ ಸಾಮಾನ್ಯ ಮನೆಗಳಲ್ಲಿ ತಲೆಗೂ ಮೈಗೂ ಹರಳೆಣ್ಣೆ, ಎಳ್ಳೆಣ್ಣೆ. ಬಿರಿದ ತುಟಿಗೆ ಬೆಣ್ಣೆ ಇಲ್ಲವೆ ತುಪ್ಪ.

ಹಾಗಾದರೆ ತೆಂಗು ಎಲ್ಲಿ ಹೋಯಿತು? ೧೮೦೦ರಲ್ಲಿ ಈ ಮಾರ್ಗವಾಗಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ನನು ಇಲ್ಲಿಯ ತೆಂಗಿನ ತೋಟಗಳನ್ನು ಕಂಡು ಬರೆದಿದ್ದಾನೆ. ಆದರೆ ಈ ಸೀಮೆಯ ಪದಾರ್ಥವು ಎಣ್ಣೆಯಲ್ಲ, ತಿನ್ನುವ ಕೊಬ್ಬರಿ. ಬಲಿತ ಕಾಯಿಗಳನ್ನು ಅಟ್ಟದ ಮೇಲೆ ಹತ್ತು ಹನ್ನೆರಡು ತಿಂಗಳು ಇಟ್ಟು, ಒಳಗಿನ ನೀರು ತಾನಾಗಿ ಇಂಗಿ ಗಿಟುಕು ಅಲುಗಾಡುವವರೆಗೆ ಕಾಯುವುದು ಇಲ್ಲಿಯ ಕ್ರಮ. ವರ್ಷವಿಡೀ ಕಾದ ಉಂಡೆ ಕೊಬ್ಬರಿಯನ್ನು ಗಾಣಕ್ಕೆ ಹಾಕಲು ಯಾರಿಗೆ ಮನಸ್ಸು ಬಂದೀತು? ೧೮೮೯ರ ಹೊತ್ತಿಗೆ ಬೆಂಗಳೂರಿನಿಂದ ತಿಪಟೂರಿನ ಮೇಲೆ ಹರಿಹರದವರೆಗೆ ರೈಲು ಓಡತೊಡಗಿದ ಮೇಲೆ ಕೊಬ್ಬರಿಯು ದೂರದ ಪೇಟೆಗಳಿಗೆ ಸುಲಭವಾಗಿ ಸಾಗಿತು. ಈಗಲೂ ಉತ್ತರ ಹಿಂದೂಸ್ಥಾನದಲ್ಲಿ ಅದಕ್ಕೆ ಬೇಡಿಕೆಯಿದೆ. ಸರ್ಕಾರವು ಬೆಂಬಲಬೆಲೆಯನ್ನು ಸಾರುವಾಗ ಎಣ್ಣೆಯ ಕೊಬ್ಬರಿಗೊಂದು, ಉಂಡೆ ಕೊಬ್ಬರಿಗೊಂದು ಬೆಲೆಯಿಡುವುದೂ ಈ ಭೇದದಿಂದಲೇ. ಕೇರಳವು ಎಣ್ಣೆಯ ನಾಡಾಯಿತು, ತಿಪಟೂರು ಕೊಬ್ಬರಿಯ ನಾಡಾಯಿತು. ಎಣ್ಣೆಗೆ ಬೀಳುತ್ತಿದ್ದುದು ಹೆಚ್ಚಾಗಿ ಒಡೆದ, ಮುಗ್ಗಿದ ಚೂರು.

ಗಾಣಿಗರಲ್ಲಿ ಜೋಡಿ ಎತ್ತು ಹೂಡುವವರು, ಒಂಟಿ ಎತ್ತಿನವರು ಎಂಬ ಭೇದಗಳಿದ್ದುವು. ಯಂತ್ರ ಬಂದು ಆ ಗಾಣಗಳು ಬಹುಮಟ್ಟಿಗೆ ನಿಂತುಹೋದುವು. ಮನೆಯ ಅಟ್ಟದಲ್ಲಿ ಸಾವಿರ ಕಾಯಿ ಇಟ್ಟುಕೊಂಡವರೂ ಮುಖಕ್ಕೆ ಹಚ್ಚಲು ಪೇಟೆಯ ಸೀಸೆಯೆಣ್ಣೆಯನ್ನು ಕೊಂಡುತರುವಂತಾಯಿತು. ಇತ್ತೀಚೆಗೆ ಮರದ ಗಾಣದ ಎಣ್ಣೆ ಮತ್ತೆ ಕಾಣಿಸಿಕೊಂಡಿರುವುದು ಸಂತೋಷದ ಸಂಗತಿ. ಬೆಲೆ ಮಾತ್ರ ಬಡವರಿಗೆ ಎಟುಕದು.

ಗ್ರಂಥಗಳಲ್ಲಿ ಹೆಸರಿಲ್ಲದ ಮಾತ್ರಕ್ಕೆ ಕೊಬ್ಬರಿಯೆಣ್ಣೆ ನಿರ್ಗುಣವೆನ್ನುವಂತಿಲ್ಲ. ಅದರ ಕೊಬ್ಬಿನಾಮ್ಲಗಳಲ್ಲಿ ಸುಮಾರು ಅರ್ಧ ಭಾಗ ಲಾರಿಕ್ ಆಮ್ಲ. ಫಿಲಿಪ್ಪೀನ್ಸಿನ ವೈದ್ಯರು ಒಣಚರ್ಮದ ೩೪ ಮಂದಿಯ ಮೇಲೆ ಎರಡು ವಾರ ಪರೀಕ್ಷಿಸಿ ೨೦೦೪ರಲ್ಲಿ ಪ್ರಕಟಿಸಿದ ಫಲಿತಾಂಶದಂತೆ, ಅದು ಖನಿಜತೈಲದಷ್ಟೇ ಗುಣಕಾರಿ. ಎಣ್ಣೆಯು ಚರ್ಮಕ್ಕೆ ನೀರನ್ನು ಕೊಡುವುದಿಲ್ಲ. ಇದ್ದ ನೀರು ಆರಿಹೋಗದಂತೆ ತಡೆಯುತ್ತದೆ. ಆದುದರಿಂದ ಮುಖ ತೊಳೆದು, ಒದ್ದೆ ಆರುವ ಮುನ್ನ ಸವರುವುದೇ ಯುಕ್ತ. ನೆನೆಸಿ ತೆಗೆದ ಮೇಲೆ ಎಣ್ಣೆ ಎಂದ ವಾಗ್ಭಟನ ಕ್ರಮವೂ ಇದೇ. ಮೊಡವೆಯ ಮುಖಕ್ಕೆ ಮಾತ್ರ ಕೊಬ್ಬರಿಯೆಣ್ಣೆ ಹಿತವಲ್ಲ. ಮಾಗಿಯ ಬೆಳಗಿನಲ್ಲಿ ಅದು ಬಟ್ಟಲಲ್ಲೇ ಹೆಪ್ಪುಗಟ್ಟಿರುತ್ತದೆ. ಅಂಗೈಯಲ್ಲಿ ಉಜ್ಜಿದರೆ ಕರಗುವುದು, ನಾಲ್ಕು ಹನಿ ಸಾಕು.