ಒಂದೇ ಕೋಣೆ, ಹಲವು ಹೆಜ್ಜೆ



ಆಲಮೇಲದ ಕಡೆಯ ಕಿರಿಯ ಶಿಕ್ಷಕರು ಭೆಟ್ಟಿಯಾದಾಗಲೆಲ್ಲ ನನ್ನನ್ನು ಕೇಳುವ ಪ್ರಶ್ನೆಯೊಂದಿದೆ: "ಗುರುಗಳೇ, ಒಂದೇ ವರ್ಗದಲ್ಲಿ ಅಕ್ಷರ ಬಾರದವರೂ ಕಥೆ ಓದುವವರೂ ಕುಳಿತಿದ್ದರೆ ಪಾಠವನ್ನು ಯಾರಿಗೆ ಮಾಡಬೇಕು?" ಪ್ರಶ್ನೆ ಹೊಸದಲ್ಲ, ಉತ್ತರಕ್ಕೂ ನಮ್ಮ ನೆಲದಲ್ಲಿಯೇ ಇತಿಹಾಸವಿದೆ.

ನಮ್ಮ ಹಿರಿಯರು ಗಾಂವಠಿ ಶಾಲೆ ಎನ್ನುತ್ತಿದ್ದ ಹಳೆಯ ಊರ ಶಾಲೆಗಳ ಒಳ್ಳೆಯ ವಿವರ ದೊರೆಯುವುದು ಬಳ್ಳಾರಿಯಿಂದ. 1822ರಲ್ಲಿ ಮದ್ರಾಸಿನ ಗವರ್ನರ್ ಥಾಮಸ್ ಮನ್ರೋ ಶಾಲೆಗಳ ಎಣಿಕೆಗೆ ಆದೇಶಿಸಿದನು. ಬಳ್ಳಾರಿಯ ಕಲೆಕ್ಟರ್ ಕ್ಯಾಂಪ್‌ಬೆಲ್ 1823ರಲ್ಲಿ ವರದಿ ಒಪ್ಪಿಸಿದನು. ಅಂದಿನ ಆ ಜಿಲ್ಲೆಯಲ್ಲಿ 533 ಶಾಲೆಗಳು. ಅವುಗಳಲ್ಲಿ 235 ಕನ್ನಡದವು. ಮಕ್ಕಳು ಮರಳಿನಲ್ಲಿ ಬೆರಳಾಡಿಸಿ ಅಕ್ಷರ ಕಲಿಯುತ್ತಿದ್ದರು. ಮುಂದೆ ಹೋದವರು ಹಿಂದಿನವರಿಗೆ ಕಲಿಸುತ್ತ ತಮ್ಮ ವಿದ್ಯೆಯನ್ನೂ ಗಟ್ಟಿಮಾಡಿಕೊಳ್ಳುತ್ತಿದ್ದರು. ಇದನ್ನು ಕ್ಯಾಂಪ್‌ಬೆಲ್ ಮೆಚ್ಚಿ, ಇಂಗ್ಲೆಂಡು ಇದನ್ನು ಅನುಕರಿಸಿದ್ದು ಯೋಗ್ಯವೇ ಎಂದನು. ಏಕೆಂದರೆ ಮದ್ರಾಸಿನ ಎಗ್ಮೋರ್ ಅನಾಥಾಲಯದಲ್ಲಿದ್ದ ಆಂಡ್ರ್ಯೂ ಬೆಲ್ ಇಂಥ ಪದ್ಧತಿಯನ್ನು ಅಳವಡಿಸಿಕೊಂಡು, 1797ರಲ್ಲಿ ಲಂಡನ್ನಿನಲ್ಲಿ ಪುಸ್ತಕ ಪ್ರಕಟಿಸಿದ್ದನು.

ಆದರೆ ಹಳೆಯದೆಲ್ಲ ಹೊನ್ನಲ್ಲ. ಅರ್ಥ ತಿಳಿಯದೆ ಬಾಯಿಪಾಠ ಮಾಡುವುದನ್ನು ಅದೇ ವರದಿ ಟೀಕಿಸಿದೆ. ಒಟ್ಟು 6,641 ಮಕ್ಕಳಲ್ಲಿ ಹುಡುಗಿಯರು ಕೇವಲ 60! ಒಳಗಿದ್ದವರಿಗೆ ಅವರವರ ನಡಿಗೆಯಿತ್ತು. ಬಾಗಿಲು ಮಾತ್ರ ಎಲ್ಲರಿಗೂ ತೆರೆದಿರಲಿಲ್ಲ.

ಮುಂದೆ ಸರಕಾರಿ ಶಾಲೆ ಬಂದಿತು, ಬಾಗಿಲು ಮೆಲ್ಲಮೆಲ್ಲನೆ ತೆರೆಯಿತು. ಜೊತೆಗೇ ಇಯತ್ತೆ, ವೇಳಾಪತ್ರಿಕೆ, ಒಂದೇ ದಿನದ ಪರೀಕ್ಷೆಗಳೂ ಬಂದವು. ಎಲ್ಲರೂ ಒಂದೇ ಪುಟದಲ್ಲಿರಬೇಕಾಯಿತು. ಸುಗ್ಗಿಯಲ್ಲಿ ಎರಡು ವಾರ ಹೊಲಕ್ಕೆ ಹೋದ ಹುಡುಗ ಮರಳಿ ಬರುವಷ್ಟರಲ್ಲಿ ಪಾಠ ಮುಂದೆ ಹೋಗಿರುತ್ತಿತ್ತು.

ಇದಕ್ಕೆ ಪರಿಹಾರ ಹುಡುಕಿದವರು ಹೆಗ್ಗಡದೇವನಕೋಟೆಯ ಸರಕಾರಿ ಶಿಕ್ಷಕರು. ಆಂಧ್ರದ ರಿಷಿವ್ಯಾಲಿಯ ಶಾಲೆಗಳನ್ನು ನೋಡಿಬಂದು, ಯುನಿಸೆಫ್ ನೆರವಿನಿಂದ 1995ರಲ್ಲಿ 'ನಲಿ-ಕಲಿ' ಆರಂಭಿಸಿದರು. ಪಾಠಗಳನ್ನು ಚಿಕ್ಕ ಕಾರ್ಡುಗಳಾಗಿ ಒಡೆದು 'ಕಲಿಕಾ ಏಣಿ'ಯಲ್ಲಿ ಜೋಡಿಸಿದರು. ಮಗು ತನ್ನ ಮೆಟ್ಟಿಲನ್ನು ತಾನೇ ಗುರುತಿಸಿ ಕಾರ್ಡು ಎತ್ತಿಕೊಳ್ಳುತ್ತದೆ. ಗುರುವಿನ, ಗೆಳೆಯರ ನೆರವು ಪಡೆದು ಇಲ್ಲವೆ ತಾನೊಬ್ಬನೇ ಕಲಿಯುತ್ತದೆ. ಗೈರುಹಾಜರಾದ ಮಗು ಬಿಟ್ಟ ಮೆಟ್ಟಿಲಿನಿಂದಲೇ ಮತ್ತೆ ಹತ್ತಬಹುದು. 2009-10ರಲ್ಲಿ ಇದು ರಾಜ್ಯದ ಸರಕಾರಿ ಕನ್ನಡ ಶಾಲೆಗಳ ಮೊದಲೆರಡು ತರಗತಿಗಳಿಗೆ ವಿಸ್ತರಿಸಿತು.

ಏಣಿ ಗೋಡೆಯ ಮೇಲಿದ್ದರೆ ಸಾಲದು; ಪ್ರತಿ ಮಗು ಎಲ್ಲಿದೆಯೆಂದು ಬಲ್ಲ ಗುರು ಬೇಕು, ಸಾಕಷ್ಟು ಗುರುಗಳೂ ಬೇಕು. ಹಳೆಯ ಶಾಲೆ ಕೆಲವರಿಗೇ ಅವರ ನಡಿಗೆ ಕೊಟ್ಟಿತು, ಹೊಸ ಶಾಲೆ ಎಲ್ಲರಿಗೂ ಒಂದೇ ನಡಿಗೆ ಹೇರಿತು. ಎಲ್ಲರಿಗೂ ಅವರವರ ನಡಿಗೆ ದೊರೆತಾಗಲೇ ಬಾಗಿಲು ತೆರೆದದ್ದು ಸಾರ್ಥಕ. ನಿಮ್ಮಲ್ಲಿ ಶಿಕ್ಷಕರಾದವರು ಇದನ್ನು ಮನಸ್ಸಿನಲ್ಲಿಡಿ.